ಮೊದಲ ರಾಕ್ ಅಂಡ್ ರೋಲ್ ಹಾಡು ಯಾವುದು? ನಮ್ಮನೆ ಜಗಳ ಬಿಡಿಸಿ

ಸಂಜೆಮಲ್ಲಿಗೆ
ಎಲ್ಲರಿಗೂ ನಮಸ್ಕಾರ. ಮೈಸೂರಿನಿಂದ ಬರೆಯುತ್ತಿದ್ದೇನೆ. ನನ್ನ ಮಗಳಿಗೆ 14 ವರ್ಷ. ಎಂಟು ತಿಂಗಳಿಂದ ಗಿಟಾರ್ ಕಲಿಯುತ್ತಿದ್ದಾಳೆ. ಈಗ ಅವಳಿಗೆ 1950ರ ದಶಕದ ರಾಕ್ ಅಂಡ್ ರೋಲ್ ಹುಚ್ಚು ಹಿಡಿದಿದೆ. ಬೆಳಿಗ್ಗೆ ಎದ್ದರೆ ಚಕ್ ಬೆರಿ, ರಾತ್ರಿ ಮಲಗುವಾಗ ಲಿಟಲ್ ರಿಚರ್ಡ್. ಇದನ್ನು ಶುರು ಮಾಡಿದ್ದು ಯಾರು ಅಂತ ಕೇಳಿದಳು. ನಮ್ಮ ಮಾವ ಎಲ್ವಿಸ್ ಪ್ರೆಸ್ಲಿ ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಅವಳ ಗಿಟಾರ್ ಮೇಷ್ಟ್ರು ಅಲ್ಲವೇ ಅಲ್ಲ ಅಂದರಂತೆ. ಮೂರು ದಿನದಿಂದ ಊಟದ ಹೊತ್ತಿಗೆ ಇದೇ ಜಗಳ.

ನನ್ನ ಪ್ರಶ್ನೆ ಎರಡು. ಮೊದಲ ಹಾಡು ಯಾವುದು? ಎಪ್ಪತ್ತು ವರ್ಷ ಹಳೆಯ ಹಾಡು ಈಗಿನ ಮಕ್ಕಳನ್ನು ಹೀಗೆ ಹಿಡಿದುಕೊಳ್ಳುವುದು ಯಾಕೆ? ಅವಳ ಕ್ಲಾಸಿನಲ್ಲಿ ಯಾರೂ ಇದನ್ನು ಕೇಳುವುದಿಲ್ಲ. ತಾನಾಗಿಯೇ ಹೋಗಿ ಬಿದ್ದಿದ್ದಾಳೆ.

ಇನ್ನೊಂದು ಚಿಕ್ಕ ಸಮಸ್ಯೆಯೂ ಇದೆ. 'ಜಾನಿ ಬಿ. ಗುಡ್' ಹಾಡನ್ನು ಎ ಮೇಜರ್‌ನಲ್ಲಿ ಕಲಿತಿದ್ದಾಳೆ. ಒಬ್ಬಳೇ ನುಡಿಸಿದರೆ ಚೆನ್ನಾಗಿದೆ. ರೆಕಾರ್ಡ್ ಹಾಕಿಕೊಂಡು ನುಡಿಸಿದರೆ ಕಿವಿ ಮುಚ್ಚಿಕೊಳ್ಳಬೇಕು. ಗಿಟಾರ್ ಶ್ರುತಿ ಸರಿಯಾಗಿಯೇ ಇದೆ. ಎಲ್ಲಿ ತಪ್ಪುತ್ತಿದೆ?

ಹಳೇ ರೇಡಿಯೋ
ನಿಮ್ಮ ಮಾವನ ಪಕ್ಷ ನಾನು. 1954ರ ಜುಲೈ 5, ಮೆಂಫಿಸ್ ಊರಿನ ಸನ್ ಸ್ಟುಡಿಯೋ. ಎಲ್ವಿಸ್‌ಗೆ ಆಗ 19 ವರ್ಷ. ಸಂಜೆಯಿಂದ ನಿಧಾನದ ಹಾಡುಗಳನ್ನು ಹಾಡಿಸಿ ಹಾಡಿಸಿ ಸಾಕಾಗಿತ್ತು. ಒಂದೂ ಕೂಡಿಬರಲಿಲ್ಲ. ಬಿಡುವಿನಲ್ಲಿ ಹುಡುಗ ಸುಮ್ನೆ ಗಿಟಾರ್ ಎತ್ತಿಕೊಂಡು 'ದಟ್ಸ್ ಆಲ್ ರೈಟ್' ಅಂತ ಕುಣಿಯುತ್ತಾ ಹಾಡಿದ. ಬಿಲ್ ಬ್ಲ್ಯಾಕ್ ಬಾಸ್ ಹಿಡಿದು ಸೇರಿಕೊಂಡ, ಸ್ಕಾಟಿ ಮೂರ್ ಗಿಟಾರ್ ಹಿಡಿದ. ಒಳಗಿದ್ದ ಸ್ಟುಡಿಯೋ ಮಾಲೀಕ ಸ್ಯಾಮ್ ಫಿಲಿಪ್ಸ್ ತಲೆ ಹೊರಗೆ ಹಾಕಿ, ಏನು ಮಾಡುತ್ತಿದ್ದೀರಿ, ಮೊದಲಿಂದ ಶುರು ಮಾಡಿ ಅಂದ. ಅಲ್ಲಿಂದ ಎಲ್ಲವೂ ಶುರು.

ಎರಡು ಮೂರು ದಿನದಲ್ಲೇ ಆ ಊರಿನ ರೇಡಿಯೋದಲ್ಲಿ ಡ್ಯೂವಿ ಫಿಲಿಪ್ಸ್ ಅದನ್ನು ಒಂದೇ ರಾತ್ರಿ ಮತ್ತೆ ಮತ್ತೆ ಹಾಕಿದ. ಎಲ್ವಿಸ್ ನಾಚಿಕೆಯಿಂದ ಸಿನಿಮಾ ಥಿಯೇಟರಿನಲ್ಲಿ ಹೋಗಿ ಕೂತಿದ್ದನಂತೆ. ಅಪ್ಪ ಅಮ್ಮ ಹುಡುಕಿಕೊಂಡು ಹೋಗಿ ಎಬ್ಬಿಸಿ ತಂದರು.

ರೆಕಾರ್ಡ್ ಹುಚ್ಚ
ಸರ್, ಕಥೆ ಚೆನ್ನಾಗಿದೆ. ಆದರೆ ಅದೇ ಕೋಣೆಯಲ್ಲಿ ಮೂರು ವರ್ಷ ಮೊದಲೇ ಕೆಲಸ ಮುಗಿದಿತ್ತು. 1951ರ ಮಾರ್ಚ್, ಹಾಡು 'ರಾಕೆಟ್ 88'. ಲೇಬಲ್ ಮೇಲೆ ಜಾಕಿ ಬ್ರೆನ್‌ಸ್ಟನ್ ಹೆಸರಿದೆ, ಬ್ಯಾಂಡ್ ಮಾತ್ರ ಐಕ್ ಟರ್ನರ್‌ದು. ಮಿಸಿಸಿಪ್ಪಿಯಿಂದ ಬರುವ ದಾರಿಯಲ್ಲಿ ಗಿಟಾರಿನ ಆಂಪ್ಲಿಫೈಯರ್ ಏಟು ತಿಂದು ಸ್ಪೀಕರಿನ ಕೋನ್ ಹಾಳಾಗಿತ್ತು. ರಿಪೇರಿಗೆ ಹೊತ್ತಿಲ್ಲ. ಸ್ಯಾಮ್ ಫಿಲಿಪ್ಸ್ ಒಳಗೆ ಕಾಗದ ತುರುಕಿ, ಹಾಗೇ ನುಡಿಸಿ ಅಂದ. ಗುರ್ರ್ ಅನ್ನುವ ಒಡಕು ಸದ್ದು ಬಂತು. ಅದನ್ನು ಮುಚ್ಚಿಡಲಿಲ್ಲ, ಇನ್ನೂ ಮುಂದೆ ತಂದ. ಹೆಡ್‌ಫೋನ್ ಹಾಕಿ ಕೇಳಿ, ಹಾಡಿನ ಉದ್ದಕ್ಕೂ ತಳದಲ್ಲಿ ಆ ಗೊರಗೊರ ಇದೆ. ಮುಂದೆ ಅದೇ ಸದ್ದಿಗಾಗಿ ಜನ ಯಂತ್ರ ಕಟ್ಟಿ ಮಾರಿದರು.

ಕರಾವಳಿ ಬೀಟ್ಸ್
1951 ಯಾಕೆ? ಫ್ಯಾಟ್ಸ್ ಡೊಮಿನೋ 'ದಿ ಫ್ಯಾಟ್ ಮ್ಯಾನ್' ರೆಕಾರ್ಡ್ ಮಾಡಿದ್ದು 1949ರ ಡಿಸೆಂಬರ್‌ನಲ್ಲಿ, ನ್ಯೂ ಆರ್ಲಿಯನ್ಸ್‌ನಲ್ಲಿ. ಮುಗಿಯಿತು.

ಟೆನೆಸ್ಸಿ ಕನ್ನಡತಿ
ಮುಗಿದಿಲ್ಲ. ಸಿಸ್ಟರ್ ರೊಸೆಟ್ಟಾ ಥಾರ್ಪ್ ಹೆಸರು ಇಲ್ಲಿ ಯಾರೂ ಎತ್ತಲಿಲ್ಲ, ನನಗೆ ಬೇಜಾರಾಯಿತು.

ಅರ್ಕನ್ಸಾದ ಕಾಟನ್ ಪ್ಲಾಂಟ್ ಅನ್ನುವ ಸಣ್ಣ ಊರಿನಲ್ಲಿ ಹುಟ್ಟಿದ ಹೆಣ್ಣುಮಗಳು. ಅಮ್ಮನ ಜೊತೆ ಚರ್ಚಿನಿಂದ ಚರ್ಚಿಗೆ ತಿರುಗುತ್ತಾ ದೇವರ ಹಾಡು ಹಾಡಿದವಳು. ನಮ್ಮಲ್ಲಿ ಭಜನೆ ಮಂಡಳಿಯಲ್ಲಿ ಬೆಳೆದ ಮಕ್ಕಳ ಹಾಗೆ. ಆದರೆ ಅವಳ ಕೈಯಲ್ಲಿ ಎಲೆಕ್ಟ್ರಿಕ್ ಗಿಟಾರ್! 'ಸ್ಟ್ರೇಂಜ್ ಥಿಂಗ್ಸ್ ಹ್ಯಾಪನಿಂಗ್ ಎವ್ರಿ ಡೇ' ರೆಕಾರ್ಡ್ ಆಗಿದ್ದು 1944ರಲ್ಲಿ. ಆಗ ಎಲ್ವಿಸ್ ಒಂಬತ್ತು ವರ್ಷದ ಹುಡುಗ.

ಸಂಜೆಮಲ್ಲಿಗೆಯವರೇ, ಮಗಳಿಗೆ 1964ರ ಮ್ಯಾಂಚೆಸ್ಟರ್ ವಿಡಿಯೋ ತೋರಿಸಿ. ಟಿವಿಗಾಗಿ ಮುಚ್ಚಿಹೋದ ರೈಲ್ವೆ ಸ್ಟೇಷನ್ ಒಂದನ್ನು ವೇದಿಕೆ ಮಾಡಿದ್ದರು. ಜನ ಈಚೆ ಪ್ಲಾಟ್‌ಫಾರ್ಮಿನಲ್ಲಿ, ಇವಳು ಆಚೆ ಪ್ಲಾಟ್‌ಫಾರ್ಮಿನಲ್ಲಿ. ಮಳೆ ಬಂತು. ಉದ್ದ ಕೋಟು ತೊಟ್ಟು ಬಂದು, ಬಿಳಿ ಗಿಟಾರ್ ಹೆಗಲಿಗೆ ಹಾಕಿಕೊಂಡು ಮಳೆಯ ಹಾಡನ್ನೇ ಎತ್ತಿಕೊಂಡಳು. 49 ವರ್ಷ ಆಗಿತ್ತು ಅವಳಿಗೆ. ಆ ಸೋಲೋ ನುಡಿಸುವಾಗಿನ ಮುಖ ನೋಡಿದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

1973ರಲ್ಲಿ ತೀರಿಕೊಂಡಳು. ಮೂವತ್ತು ವರ್ಷಕ್ಕೂ ಜಾಸ್ತಿ ಕಾಲ ಅವಳ ಸಮಾಧಿಯ ಮೇಲೆ ಹೆಸರು ಬರೆದ ಒಂದು ಕಲ್ಲೂ ಇರಲಿಲ್ಲ. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವಳನ್ನು ಸೇರಿಸಿಕೊಂಡದ್ದು 2018ರಲ್ಲಿ.

ಬರೀ ಓದುಗ
ನದಿ ಮೂಲ, ಋಷಿ ಮೂಲ ಹುಡುಕಬಾರದು ಅಂತಾರೆ. ಇದೂ ಅಷ್ಟೇ. ಕರಿಯರ ಬ್ಲೂಸ್, ಚರ್ಚಿನ ಗಾಸ್ಪೆಲ್, ಹಳ್ಳಿಗಾಡಿನ ಕಂಟ್ರಿ, ಕುಣಿತದ ಜಂಪ್ ಬ್ಯಾಂಡ್‌ಗಳು, ನಾಲ್ಕೂ ಹಳ್ಳ ಸೇರಿ ಹೊಳೆ ಆಯಿತು. ಇಲ್ಲೇ ಹುಟ್ಟಿತು ಅಂತ ಬೆರಳಿಡಲು ಆಗಲ್ಲ.

ರೆಕಾರ್ಡ್ ಹುಚ್ಚ
ಒಪ್ಪಲ್ಲ. ಇಲ್ಲಿ ಮೂಲ ಹುಡುಕಲೇಬೇಕು. ಯಾಕೆಂದರೆ ಮೂಲದವರಿಗೆ ದುಡ್ಡು ಸಿಗಲಿಲ್ಲ.

ಹಳೇ ರೇಡಿಯೋ ಸರ್ ಹೇಳಿದ 'ದಟ್ಸ್ ಆಲ್ ರೈಟ್' ಬರೆದು 1946ರಲ್ಲಿ ಹಾಡಿದ್ದು ಆರ್ಥರ್ ಕ್ರೂಡಪ್. ರಾಯಲ್ಟಿಗಾಗಿ ವರ್ಷಗಟ್ಟಲೆ ಹೋರಾಡಿ, 1974ರಲ್ಲಿ ಬಡವನಾಗಿಯೇ ಸತ್ತ. 'ಹೌಂಡ್ ಡಾಗ್' ಮೊದಲು ಹಾಡಿದ್ದು ಬಿಗ್ ಮಾಮಾ ಥಾರ್ನ್‌ಟನ್, 1952ರಲ್ಲಿ. ತನಗೆ ಬಂದದ್ದು 500 ಡಾಲರಿನ ಒಂದೇ ಚೆಕ್ ಅಂತ ಆಕೆಯೇ ಹೇಳಿದ್ದಾಳೆ. ಚಕ್ ಬೆರಿಯ ಮೊದಲ ಹಾಡು 'ಮೇಬಲೀನ್', 1955. ರೆಕಾರ್ಡಿನ ತಟ್ಟೆ ಅಚ್ಚಾಗಿ ಬಂದಾಗ ನೋಡಿದರೆ ಬರೆದವರ ಸಾಲಿನಲ್ಲಿ ಇನ್ನೂ ಎರಡು ಹೆಸರು. ಒಂದು ರೇಡಿಯೋದ ಅಲನ್ ಫ್ರೀಡ್‌ದು. ಹಾಡನ್ನು ಗಾಳಿಯಲ್ಲಿ ಬಿಡಲು ಕೊಟ್ಟ ಪಾಲು ಅದು. ಹಕ್ಕು ಪೂರ್ತಿ ಬೆರಿಯ ಕೈಗೆ ವಾಪಸ್ ಬಂದದ್ದು 1986ರಲ್ಲಿ. ಮೂವತ್ತೊಂದು ವರ್ಷ! ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಹಳೇ ರೇಡಿಯೋ
ಅದು ಎಲ್ವಿಸ್ ತಪ್ಪಲ್ಲ. ಕರಿಯರು ಇದನ್ನು ತನಗಿಂತ ಎಷ್ಟೋ ಮೊದಲೇ ನುಡಿಸುತ್ತಿದ್ದರು ಅಂತ 1956ರಲ್ಲೇ ಪತ್ರಿಕೆಯವರಿಗೆ ಹೇಳಿದ್ದಾನೆ, ಕ್ರೂಡಪ್ ಹೆಸರು ಹಿಡಿದು. 1969ರಲ್ಲಿ ಲಾಸ್ ವೇಗಾಸ್‌ನಲ್ಲಿ ಯಾರೋ ಅವನನ್ನು ರಾಜ ಅಂದಾಗ, ಅಲ್ಲೇ ಇದ್ದ ಫ್ಯಾಟ್ಸ್ ಡೊಮಿನೋನನ್ನು ತೋರಿಸಿ ನಿಜವಾದ ರಾಜ ಇವನು ಅಂದ. ಇದನ್ನೂ ಬರೆಯಿರಿ.

ರೆಕಾರ್ಡ್ ಹುಚ್ಚ
ಬರೆದೆ. ಎಲ್ವಿಸ್ ಮೇಲೆ ನನಗೆ ಸಿಟ್ಟಿಲ್ಲ. ಅವನ ದನಿ ಯಾರಿಗೂ ಇಲ್ಲ. ಸಿಟ್ಟು ಇರುವುದು ಲೆಕ್ಕದ ಪುಸ್ತಕ ಇಟ್ಟವರ ಮೇಲೆ.

ಗಿಟಾರ್ ಗುಂಡ
ರಾಕ್ ಅಂಡ್ ರೋಲ್ ಅನ್ನುವ ಹೆಸರನ್ನು ಹುಟ್ಟಿಸಿದ್ದು ಆ ಅಲನ್ ಫ್ರೀಡ್ ಅಲ್ವಾ? ಕ್ಲೀವ್‌ಲ್ಯಾಂಡ್‌ನಲ್ಲಿ?

ರೆಕಾರ್ಡ್ ಹುಚ್ಚ
ಹುಟ್ಟಿಸಿದ್ದಲ್ಲ, ಹರಡಿದ್ದು. 1922ರಲ್ಲೇ ಟ್ರಿಕ್ಸಿ ಸ್ಮಿತ್ ಹಾಡಿನ ಹೆಸರಲ್ಲಿ ರಾಕ್ ಇದೆ, ರೋಲ್ ಇದೆ. ಫ್ರೀಡ್ 1951ರಿಂದ ಕ್ಲೀವ್‌ಲ್ಯಾಂಡ್ ರೇಡಿಯೋದಲ್ಲಿ ಕರಿಯರ ರಿದಮ್ ಅಂಡ್ ಬ್ಲೂಸ್ ಹಾಡುಗಳನ್ನು ಹಾಕಿದ. ಬಿಳಿಯರ ಮಕ್ಕಳೂ ಕದ್ದು ಕೇಳಿದರು. 1952ರ ಮಾರ್ಚ್ 21ಕ್ಕೆ ಅವನು ಇಟ್ಟ ಕಾರ್ಯಕ್ರಮಕ್ಕೆ ಜಾಗಕ್ಕಿಂತ ಎಷ್ಟೋ ಜಾಸ್ತಿ ಜನ ನುಗ್ಗಿ, ಪೊಲೀಸರು ಬಂದು ಅರ್ಧಕ್ಕೇ ನಿಲ್ಲಿಸಿದರು. ಪಾಲು ಹೊಡೆದದ್ದು ತಪ್ಪು. ಆದರೆ ಆ ಹಾಡುಗಳಿಗೆ ಬಾಗಿಲು ತೆಗೆದದ್ದೂ ಅವನೇ. ಎರಡೂ ನಿಜ.

ಧಾರವಾಡದ ತಬಲಾ
ಎರಡನೇ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ. ಮಕ್ಕಳನ್ನು ಯಾಕೆ ಹಿಡಿಯುತ್ತದೆ? ನಾನು ತಾಳದ ಕಡೆಯಿಂದ ಹೇಳುತ್ತೇನೆ.

ಒಂದು, ಎರಡು, ಮೂರು, ನಾಲ್ಕು ಎಣಿಸಿ. ನಾವು ಭಜನೆಯಲ್ಲಿ ಚಪ್ಪಾಳೆ ಹೊಡೆಯುವುದು ಒಂದಕ್ಕೆ. ತಬಲಾದಲ್ಲಿ ಕಹರ್ವಾ ತಾಳ ಹಿಡಿದರೂ ಮನಸ್ಸು ಸಮ್‌ಗೆ, ಅಂದರೆ ಮೊದಲ ಮಾತ್ರೆಗೆ, ಕಾಯುತ್ತದೆ. ರಾಕ್ ಅಂಡ್ ರೋಲಿನವರು ಒಂದನ್ನು ಬಿಟ್ಟು ಎರಡಕ್ಕೆ ಮತ್ತು ನಾಲ್ಕಕ್ಕೆ ಹೊಡೆಯುತ್ತಾರೆ. ಬ್ಯಾಕ್‌ಬೀಟ್ ಅನ್ನುವುದು ಇದನ್ನೇ. ನಿಂತು ಮಾಡಿ ನೋಡಿ. ಒಂದಕ್ಕೆ ಕಾಲು ಇಡುತ್ತದೆ, ಎರಡಕ್ಕೆ ಕೈ ಬೀಳುತ್ತದೆ, ನಡುವೆ ಸೊಂಟ ತಾನಾಗಿ ತಿರುಗುತ್ತದೆ. ಯಾರೂ ಹೇಳಿಕೊಡಬೇಕಿಲ್ಲ.

ಇದರ ಮೇಲೆ ಇನ್ನೊಂದು ಪದರ. 1955ರ ಸೆಪ್ಟೆಂಬರ್‌ನಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಲಿಟಲ್ ರಿಚರ್ಡ್ 'ಟುಟ್ಟಿ ಫ್ರುಟ್ಟಿ' ಹಾಡಿದ. ಡ್ರಮ್ಸ್ ಅರ್ಲ್ ಪಾಮರ್. ಅಲ್ಲಿಯವರೆಗೆ ಡ್ರಮ್ಮಿನವರು ತೂಗಾಡುವ ನಡೆಯಲ್ಲಿ ಬಾರಿಸುತ್ತಿದ್ದರು. ನಮ್ಮ ತಿಶ್ರದ ಹಾಗೆ ಒಂದು ಉದ್ದ, ಒಂದು ಗಿಡ್ಡ. ರಿಚರ್ಡ್‌ನ ಬಲಗೈ ಪಿಯಾನೋ ಮೇಲೆ ಎಂಟೂ ಮಾತ್ರೆಯನ್ನು ಸಮ ಸಮವಾಗಿ ಕುಟ್ಟುತ್ತಿತ್ತು. ಆ ಕೈಗೆ ಹೊಂದಬೇಕೆಂದರೆ ಪಾಮರ್ ಕೂಡ ತನ್ನ ನಡೆ ಬದಲಿಸಬೇಕಾಯಿತು. ಚೌಕ ನಡೆಗೆ ಬಂದ. ಮುಂದೆ ರಾಕ್ ಡ್ರಮ್ಸ್ ಹಿಡಿದದ್ದು ಅದೇ ದಾರಿ. ಚಕ್ ಬೆರಿಯ ಕೆಲವು ಹಾಡಿನಲ್ಲಿ ಗಿಟಾರ್ ಸಮ, ಡ್ರಮ್ಸ್ ತೂಗಾಟ. ಆ ಎರಡರ ಉಜ್ಜಾಟದಲ್ಲೇ ಬಿಸಿ ಹುಟ್ಟುತ್ತದೆ.

ಕರಾವಳಿ ಬೀಟ್ಸ್
ತಾಳ ಸರಿ. ಆದರೆ ಜೇಬಿನಲ್ಲಿ ಕಾಸು ಇಲ್ಲದಿದ್ದರೆ ಇದು ಮನೆ ಮನೆಗೆ ಹೋಗುತ್ತಿರಲಿಲ್ಲ. ಯುದ್ಧ ಮುಗಿದು ಅಮೆರಿಕದ ಹುಡುಗರ ಕೈಗೆ ಮೊದಲ ಸಲ ಸ್ವಂತ ಖರ್ಚಿಗೆ ಹಣ ಬಂತು. ನಿಮಿಷಕ್ಕೆ 45 ಸುತ್ತು ತಿರುಗುವ ಸಣ್ಣ ತಟ್ಟೆ 1949ರಲ್ಲಿ, ಟ್ರಾನ್ಸಿಸ್ಟರ್ ರೇಡಿಯೋ 1954ರಲ್ಲಿ ಬಂತು. ಅಪ್ಪನ ಎದುರು ಹಾಲ್‌ನಲ್ಲಿ ಕೂತು ಕೇಳುವ ಬದಲು ದಿಂಬಿನ ಕೆಳಗೆ ಇಟ್ಟುಕೊಂಡು ಕೇಳಬಹುದು. ಇದು ವ್ಯಾಪಾರದ ಕಥೆ.

ಧಾರವಾಡದ ತಬಲಾ
ವ್ಯಾಪಾರ ಆಗಿದ್ದರೆ 14 ವರ್ಷದ ಮೈಸೂರಿನ ಹುಡುಗಿಗೆ ಈಗ ಯಾರು ಮಾರುತ್ತಿದ್ದಾರೆ? ಅಮ್ಮನೇ ಹೇಳಿದರಲ್ಲ, ಯಾರೂ ಹೇಳಿಕೊಟ್ಟಿಲ್ಲ ಅಂತ.

ಟೆನೆಸ್ಸಿ ಕನ್ನಡತಿ
ದೊಡ್ಡ ಕಂಪನಿಗಳಿಗೆ ಮೊದಲು ಇದರ ವಾಸನೆಯೇ ಹತ್ತಿರಲಿಲ್ಲ. ಸನ್, ಚೆಸ್, ಸ್ಪೆಷಾಲ್ಟಿ ಎಲ್ಲ ಕೈ ಬೆರಳಲ್ಲಿ ಎಣಿಸುವಷ್ಟು ಜನರ ಸಣ್ಣ ಕಂಪನಿಗಳು. ಕೈಯಲ್ಲಿ ಕಾಸಿಲ್ಲದೆ ಸ್ಯಾಮ್ ಫಿಲಿಪ್ಸ್ 1955ರ ನವೆಂಬರ್‌ನಲ್ಲಿ ಎಲ್ವಿಸ್‌ನ ಒಪ್ಪಂದವನ್ನು 35,000 ಡಾಲರಿಗೆ ಆರ್‌ಸಿಎ ಅನ್ನುವ ದೊಡ್ಡ ಕಂಪನಿಗೆ ಮಾರಿಬಿಟ್ಟ.

ಹೋದ ವರ್ಷ ಸನ್ ಸ್ಟುಡಿಯೋಗೆ ಹೋಗಿದ್ದೆ. ಮೆಂಫಿಸ್‌ನ 706, ಯೂನಿಯನ್ ಅವೆನ್ಯೂ. ನಾನು ದೊಡ್ಡ ಜಾಗ ಅಂದುಕೊಂಡಿದ್ದೆ. ನಮ್ಮೂರಿನ ಮದುವೆ ಛತ್ರದ ಊಟದ ಹಾಲ್ ಇದಕ್ಕಿಂತ ಎಷ್ಟೋ ದೊಡ್ಡದು. ಗೋಡೆಗೆ, ಸೂರಿಗೆ ಸದ್ದು ಹೀರುವ ಬಿಳಿ ಬಿಲ್ಲೆಗಳು. ನೆಲದ ಮೇಲೆ ಎಲ್ವಿಸ್ ನಿಂತ ಜಾಗ ಅಂತ ಟೇಪಿನಲ್ಲಿ ಗುರುತು ಹಾಕಿದ್ದಾರೆ. ನಾನು ಅಲ್ಲಿ ನಿಂತು ಒಂದು ಚಪ್ಪಾಳೆ ಹೊಡೆದೆ. ಸದ್ದು ಒಣಗಿದ ಹಾಗೆ ಬಂತು, ಮಾರ್ದನಿಯೇ ಇಲ್ಲ. ಹಾಗಾದರೆ ಆ ರೆಕಾರ್ಡ್‌ಗಳಲ್ಲಿ ಪುಟಿಯುವ ಪ್ರತಿಧ್ವನಿ ಎಲ್ಲಿಂದ ಬಂತು? ಎರಡನೇ ಟೇಪ್ ರೆಕಾರ್ಡರ್‌ನಿಂದ. ಟೇಪು ಒಂದು ಹೆಡ್‌ನಿಂದ ಇನ್ನೊಂದಕ್ಕೆ ಹೋಗುವಷ್ಟು ಕ್ಷಣ ತಡವಾಗಿ ಅದೇ ಸದ್ದನ್ನು ಮತ್ತೆ ಸೇರಿಸುತ್ತಿದ್ದರು. ಸ್ಲ್ಯಾಪ್‌ಬ್ಯಾಕ್ ಅಂತ ಹೆಸರು. ಆ ಪುಟ್ಟ ಕೋಣೆಯ ಸದ್ದು ಅಷ್ಟು ದೊಡ್ಡದಾಗಿ ಕೇಳಿಸುವುದು ಅದರಿಂದ.

ಬರೀ ಓದುಗ
ಸುಂದರವಾಗಿ ಬರೆದಿರಿ. ಆ ಕಾಲದಲ್ಲಿ ದುರಂತಗಳೂ ಎಷ್ಟು! ಕಾರ್ಲ್ ಪರ್ಕಿನ್ಸ್ ಪಾಪ. 'ಬ್ಲೂ ಸ್ವೇಡ್ ಶೂಸ್' ಬರೆದು ಹಾಡಿ ದೇಶವೆಲ್ಲ ಹೆಸರಾದ. 1956ರ ಮಾರ್ಚ್‌ನಲ್ಲಿ ನ್ಯೂಯಾರ್ಕಿಗೆ ದೊಡ್ಡ ಟಿವಿ ಕಾರ್ಯಕ್ರಮಕ್ಕೆ ಹೊರಟವನು ದಾರಿಯಲ್ಲೇ ಅಪಘಾತ ಆಗಿ ಆಸ್ಪತ್ರೆ ಸೇರಿದ. ಅದೇ ಹಾಡನ್ನು ಎಲ್ವಿಸ್ ಟಿವಿಯಲ್ಲಿ ಹಾಡಿದ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

'ರಾಕ್ ಅರೌಂಡ್ ದಿ ಕ್ಲಾಕ್' ಹಾಡಿನ ಗಿಟಾರ್ ಸೋಲೋ ಎಲ್ಲರಿಗೂ ಗೊತ್ತು. ನುಡಿಸಿದ್ದು ಡ್ಯಾನಿ ಸೆಡ್ರೋನ್, 1954ರ ಏಪ್ರಿಲ್‌ನಲ್ಲಿ. ಜೂನ್‌ನಲ್ಲಿ ಮೆಟ್ಟಿಲಿಂದ ಬಿದ್ದು ತೀರಿಕೊಂಡ. ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿದ್ದು ಮರುವರ್ಷ ಜುಲೈನಲ್ಲಿ.

ಹಳೇ ರೇಡಿಯೋ
ಅದು ಏರಿದ್ದು ಸಿನಿಮಾದಿಂದ. 'ಬ್ಲ್ಯಾಕ್‌ಬೋರ್ಡ್ ಜಂಗಲ್' ಚಿತ್ರದಲ್ಲಿ ಹಾಕಿದ ಮೇಲೆ.

1959ರ ಫೆಬ್ರವರಿ 3 ಮರೆಯಬೇಡಿ. ಅಯೋವಾದ ಹಿಮದಲ್ಲಿ ಸಣ್ಣ ವಿಮಾನ ಬಿದ್ದು ಹಾಡುಗಾರರು ಸತ್ತರು. ಬಡ್ಡಿ ಹಾಲಿಗೆ 22 ವರ್ಷ. 'ಲಾ ಬಾಂಬಾ' ಹಾಡಿದ ರಿಚಿ ವ್ಯಾಲೆನ್ಸ್‌ಗೆ 17. ಅಷ್ಟು ಹೊತ್ತಿಗೆ ಎಲ್ವಿಸ್ ಸೈನ್ಯಕ್ಕೆ ಹೋಗಿದ್ದ, ಲಿಟಲ್ ರಿಚರ್ಡ್ ಹಾಡು ಬಿಟ್ಟು ದೇವರ ಕಡೆ ತಿರುಗಿದ್ದ. ಜೆರ್ರಿ ಲೀ ಲೂಯಿಸ್ 13 ವರ್ಷದ ಸೋದರ ಸಂಬಂಧಿಯನ್ನು ಮದುವೆಯಾಗಿ ಹೆಸರು ಕೆಡಿಸಿಕೊಂಡಿದ್ದ. ಮುಗಿಯಿತು ಅಂದುಕೊಂಡರು ಜನ.

ಗಿಟಾರ್ ಗುಂಡ
ಮುಗಿದಿರಲಿಲ್ಲ, ಸಮುದ್ರ ದಾಟಿತ್ತು ಅಷ್ಟೇ. 1961ರಲ್ಲಿ ಇಂಗ್ಲೆಂಡಿನ ಡಾರ್ಟ್‌ಫರ್ಡ್ ರೈಲು ನಿಲ್ದಾಣದಲ್ಲಿ ಕೀತ್ ರಿಚರ್ಡ್ಸ್ ಒಬ್ಬ ಹಳೇ ಗೆಳೆಯನನ್ನು ನೋಡಿದ. ಅವನ ಕಂಕುಳಲ್ಲಿ ಚಕ್ ಬೆರಿ ಮತ್ತು ಮಡ್ಡಿ ವಾಟರ್ಸ್ ರೆಕಾರ್ಡ್. ಆ ಗೆಳೆಯ ಮಿಕ್ ಜಾಗರ್. 1963ರಲ್ಲಿ ಅವರ ಬ್ಯಾಂಡ್ ರೋಲಿಂಗ್ ಸ್ಟೋನ್ಸ್ ತಂದ ಮೊದಲ ತಟ್ಟೆಯೂ ಚಕ್ ಬೆರಿಯ ಹಾಡೇ.

ಅದೇ ರೋಲಿಂಗ್ ಸ್ಟೋನ್ಸ್ 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಬಂದರು. ನಾನು ಕಾಲೇಜಿನಲ್ಲಿದ್ದೆ. ಹಾಸ್ಟೆಲ್ ಊಟದ ದುಡ್ಡು ಉಳಿಸಿ ಟಿಕೆಟ್ ತಗೊಂಡೆ. ಎಷ್ಟೋ ದೂರದಲ್ಲಿ ನಿಂತಿದ್ದೆ, ಕೀತ್ ಕಡ್ಡಿಯಷ್ಟು ಕಾಣುತ್ತಿದ್ದ. ಮೊದಲ ಗಿಟಾರ್ ಏಟು ಬಿದ್ದಾಗ ಎದೆಗೆ ತಾಗಿದ ಸದ್ದು ಇವತ್ತಿಗೂ ಇದೆ.

ಕರಾವಳಿ ಬೀಟ್ಸ್
ನಮ್ಮ ಕನ್ನಡದ ಮೊದಲ ರಾಕ್ ಅಂಡ್ ರೋಲ್ ಅಂದರೆ ಅಣ್ಣಾವ್ರ 'ಇಫ್ ಯು ಕಮ್ ಟುಡೇ' ತಾನೆ? ಆಪರೇಷನ್ ಡೈಮಂಡ್ ರಾಕೆಟ್, 1978.

ಧಾರವಾಡದ ತಬಲಾ
ಅದು ಅಣ್ಣಾವ್ರ ದನಿಯಲ್ಲಿ ಜಿ.ಕೆ. ವೆಂಕಟೇಶ್ ಮಾಡಿದ ಬಹಳ ಚೆಂದದ ಪಾಪ್ ಹಾಡು. ರಾಕ್ ಅಂಡ್ ರೋಲ್ ಅಲ್ಲ. ಬ್ಲೂಸ್‌ನಿಂದ ಬಂದ ಹನ್ನೆರಡು ಬಾರ್ ಚಕ್ರ, ಅಂದರೆ ಹನ್ನೆರಡು ಆವರ್ತಕ್ಕೊಮ್ಮೆ ಮರಳುವ ಕಾರ್ಡ್‌ಗಳ ಸಾಲು, ಎಲ್ಲಿದೆ ಅದರಲ್ಲಿ?

ಕರಾವಳಿ ಬೀಟ್ಸ್
ಹನ್ನೆರಡು ಬಾರ್ ಇಲ್ಲದ ರಾಕ್ ಅಂಡ್ ರೋಲ್ ಬೇಕಾದಷ್ಟಿದೆ. ಬಡ್ಡಿ ಹಾಲಿ ಕೇಳಿ.

ಧಾರವಾಡದ ತಬಲಾ
ಸರಿ, ಆ ಮಾತು ಒಪ್ಪಿದೆ. ಆದರೂ ಅಣ್ಣಾವ್ರ ಹಾಡನ್ನು ಈ ಸಾಲಿಗೆ ಸೇರಿಸಲಾರೆ.

ನಿಜವಾದ ನಂಟು ಬೇಕಾದರೆ ಇದನ್ನು ಕೇಳಿ. 1977ರಲ್ಲಿ ನಾಸಾ ಕಳಿಸಿದ ವಾಯೇಜರ್ ನೌಕೆಗಳಲ್ಲಿ ಚಿನ್ನದ ಲೇಪದ ತಟ್ಟೆ ಇದೆ. ಅದರಲ್ಲಿ ಚಕ್ ಬೆರಿಯ 'ಜಾನಿ ಬಿ. ಗುಡ್' ಇದೆ. ಅದೇ ತಟ್ಟೆಯಲ್ಲಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿಯೂ ಇದೆ. ಕೇಸರಬಾಯಿ ಅಲ್ಲಾದಿಯಾ ಖಾನ್ ಸಾಹೇಬರ ಶಿಷ್ಯೆ. ನಮ್ಮ ಮಲ್ಲಿಕಾರ್ಜುನ ಮನಸೂರರು ಕಲಿತದ್ದು ಖಾನ್ ಸಾಹೇಬರ ಮಕ್ಕಳಾದ ಮಂಜಿ ಖಾನ್ ಮತ್ತು ಬುರ್ಜಿ ಖಾನ್ ಹತ್ತಿರ. ಧಾರವಾಡದಲ್ಲಿ ನಾವು ದಿನಾ ಕೇಳುವ ಗಾಯನ ಶೈಲಿಯ ಮನೆತನ ಮತ್ತು ಸೇಂಟ್ ಲೂಯಿಸ್‌ನ ಚಕ್ ಬೆರಿ ಗ್ರಹಗಳ ಆಚೆಗೆ ಒಂದೇ ತಟ್ಟೆಯಲ್ಲಿ ಹೋಗುತ್ತಿದ್ದಾರೆ. ಇದನ್ನು ನೆನೆದರೆ ನನಗೆ ಮೈ ಜುಮ್ ಅನ್ನುತ್ತದೆ.

ಸಂಜೆಮಲ್ಲಿಗೆ
ಅಬ್ಬಾ, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಗಳಿಗೆ ಎಲ್ಲವನ್ನೂ ಓದಿ ಹೇಳಿದೆ. ಮ್ಯಾಂಚೆಸ್ಟರ್ ವಿಡಿಯೋ ಐದು ಸಲ ನೋಡಿದಳು. ಮಾವನೂ ಪಕ್ಕದಲ್ಲಿ ಕೂತರು. ಅವರು ಎಲ್ವಿಸ್‌ನನ್ನು ಬಿಟ್ಟುಕೊಟ್ಟಿಲ್ಲ, ಆದರೆ ಈ ಹೆಂಗಸು ಯಾರಮ್ಮ ಅಂತ ಎರಡು ಸಲ ಕೇಳಿದರು.

ಸ್ಪೀಕರಿನಲ್ಲಿ ಕಾಗದ ಅಂದ ತಕ್ಷಣ ಅವಳು ಆಂಪ್ ಬಿಚ್ಚಲು ಹೊರಟಿದ್ದಾಳೆ. ತಡೆಯಲೋ ಬೇಡವೋ?

ರೆಕಾರ್ಡ್ ಹುಚ್ಚ
ತಡೆಯಿರಿ, ಸ್ಪೀಕರ್ ಹಾಳಾದೀತು! ಬದಲಿಗೆ ಜಾನಿ ಕ್ಯಾಶ್ ಮಾಡಿದ್ದನ್ನು ಮಾಡಲಿ. ಸನ್ ಸ್ಟುಡಿಯೋದಲ್ಲಿ ಅವನ ಮೊದಮೊದಲ ರೆಕಾರ್ಡಿಂಗ್‌ಗಳಲ್ಲಿ ಡ್ರಮ್ಸ್ ಇರಲಿಲ್ಲ. 1956ರ 'ಐ ವಾಕ್ ದಿ ಲೈನ್' ಹಾಡಿಗೆ ಗಿಟಾರಿನ ತಂತಿಗಳ ನಡುವೆ ಕಾಗದ ಸಿಕ್ಕಿಸಿಕೊಂಡು ನುಡಿಸಿದ. ನೋಟ್‌ಬುಕ್ಕಿನ ಹಾಳೆಯನ್ನು ಉದ್ದಕ್ಕೆ ಮಡಚಿ, ಒಂದು ತಂತಿಯ ಮೇಲೆ, ಇನ್ನೊಂದರ ಕೆಳಗೆ, ಚಾಪೆ ಹೆಣೆದ ಹಾಗೆ ತೂರಿಸಲಿ.

ಸಂಜೆಮಲ್ಲಿಗೆ
ಮಾಡಿದಳು! ಚಿಕ್ ಚಿಕ್ ಅಂತ ಡ್ರಮ್ಮಿನ ಸದ್ದೇ ಬರುತ್ತಿದೆ. ಗಣಿತದ ನೋಟ್‌ಬುಕ್ಕಿನ ಹಾಳೆ ಹೋಯಿತು, ಇರಲಿ.

ಆದರೆ 'ಜಾನಿ ಬಿ. ಗುಡ್' ಇನ್ನೂ ರೆಕಾರ್ಡಿಗೆ ಸೇರುತ್ತಿಲ್ಲ.

ಗಿಟಾರ್ ಗುಂಡ
ಅಯ್ಯೋ, ಅದನ್ನು ಹೇಳಲು ಮರೆತೇಬಿಟ್ಟೆವು. ಆ ರೆಕಾರ್ಡ್ ಎ ಮೇಜರ್‌ನಲ್ಲಿ ಇಲ್ಲ, ಅದಕ್ಕಿಂತ ಅರ್ಧ ಸ್ವರ ಮೇಲಿನ ಬಿ ಫ್ಲಾಟ್‌ನಲ್ಲಿದೆ. ಗಿಟಾರಿಗೆ ಕಷ್ಟದ ಶ್ರುತಿ, ಪಿಯಾನೋ ಮತ್ತು ಸ್ಯಾಕ್ಸೋಫೋನ್‌ನವರಿಗೆ ಸಲೀಸು. ಚಕ್ ಬೆರಿ ಬೆಳೆದದ್ದೇ ಪಿಯಾನೋದ ಜಾನಿ ಜಾನ್ಸನ್ ಜೊತೆ. ಈ ಹಾಡಿನ ಜಾನಿಯೂ ಸ್ವಲ್ಪ ಮಟ್ಟಿಗೆ ಅವನೇ.

ರೆಕಾರ್ಡ್ ಹುಚ್ಚ
ಒಂದು ಮಾತು. ಆ ರೆಕಾರ್ಡಿಂಗ್‌ನಲ್ಲಿ ಪಿಯಾನೋ ನುಡಿಸಿದ್ದು ಜಾನ್ಸನ್ ಅಲ್ಲ, ಲಫಾಯೆಟ್ ಲೀಕ್. ಇನ್ನು ಹಾಡಿನ ಮೊದಲಿಗೆ ಬರುವ ಆ ಪ್ರಸಿದ್ಧ ಗಿಟಾರ್ ತುಣುಕು 1946ರ ಲೂಯಿಸ್ ಜೋರ್ಡನ್ ಹಾಡಿನಲ್ಲಿ ಕಾರ್ಲ್ ಹೋಗನ್ ನುಡಿಸಿದ್ದು. ಹೆಚ್ಚುಕಡಿಮೆ ಸ್ವರಕ್ಕೆ ಸ್ವರ. ಪಕ್ಕಪಕ್ಕ ಇಟ್ಟು ಕೇಳಿಸಿ, ಮಗಳು ಬೆಚ್ಚಿಬೀಳುತ್ತಾಳೆ.

ಗಿಟಾರ್ ಗುಂಡ
ಒಪ್ಪಿದೆ, ಲೀಕ್ ಸರಿ. ಸಂಜೆಮಲ್ಲಿಗೆಯವರೇ, ಮನೆಯಲ್ಲಿ ಕೇಪೋ (ತಂತಿಗಳನ್ನೆಲ್ಲ ಒತ್ತಿ ಹಿಡಿಯುವ ಕ್ಲಿಪ್) ಇದ್ದರೆ ಒಂದನೇ ಫ್ರೆಟ್‌ಗೆ ಹಾಕಲಿ. ಬೆರಳು ಎ ಮೇಜರ್‌ದೇ ಇರಲಿ. ಬಿ ಫ್ಲಾಟ್ ಆಗುತ್ತದೆ.

ಸಂಜೆಮಲ್ಲಿಗೆ
ಕೇಪೋ ಇತ್ತು, ಹಾಕಿದಳು. ಈಗ ರೆಕಾರ್ಡ್ ಯಾವುದು, ಅವಳು ಯಾವುದು ಅಂತ ಬಾಗಿಲ ಹೊರಗಿಂದ ಗೊತ್ತಾಗುತ್ತಿಲ್ಲ. ಮಾವ ಕುರ್ಚಿ ಎಳೆದುಕೊಂಡು ಒಳಗೆ ಹೋದರು. ಚಪ್ಪಾಳೆ ಹೊಡೆಯುತ್ತಿದ್ದಾರೆ. ಒಂದಕ್ಕೇ ಹೊಡೆಯುತ್ತಿದ್ದಾರೆ, ಅವಳು ಎರಡಕ್ಕೆ ತಾತ, ಎರಡಕ್ಕೆ ಅಂತ ಕೂಗುತ್ತಿದ್ದಾಳೆ.